ಚಿತ್ರರಂಗದ ಮೇಲೆ ಸಂಘಟಿತ ಅಪರಾಧದ ಆಕ್ರಮಣ: ಖಂಡನಾ ಹೇಳಿಕೆ

ಕಲಾವಿದರ ನಿವಾಸಗಳ ಮೇಲೆ, ಅವರ ಹೆತ್ತವರ ಮನೆಗಳ ಮೇಲೆ, ಅವರ ವ್ಯವಹಾರ ಸ್ಥಳಗಳ ಮೇಲೆ ಗುಂಡು ಹಾರಿಸಿ, ಕೆಲವೇ ಗಂಟೆಗಳಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಅದರ ಹೊಣೆ ಹೊತ್ತು, ಮುಂದಿನ ಸರದಿ ಯಾರದೆಂಬ ಎಚ್ಚರಿಕೆಯನ್ನೂ ಜೊತೆಗೆ ಲಗತ್ತಿಸುವ ದುಷ್ಟ ಪರಿಪಾಠವನ್ನು, ಕನ್ನಡ ಚಲನಚಿತ್ರ ಕ್ಷೇತ್ರದ ಲೇಖಕರು, ತಂತ್ರಜ್ಞರು, ಕಲಾವಿದರು ಹಾಗೂ ಕಾರ್ಮಿಕರನ್ನು ಪ್ರತಿನಿಧಿಸುವ ಈ ಸಂಘವು ಒಕ್ಕೊರಲಿನಿಂದ ಖಂಡಿಸುತ್ತದೆ. 2024ರ ಏಪ್ರಿಲ್ 14ರ ಮುಂಜಾವಿನಲ್ಲಿ ಮುಂಬೈನ ಬಾಂದ್ರಾದಲ್ಲಿ ಖ್ಯಾತ ನಟರೊಬ್ಬರ ಮನೆಯ ಮೇಲೆ ನಡೆದದ್ದೂ, 2025ರ ಸೆಪ್ಟೆಂಬರ್‌ನಲ್ಲಿ ಬರೇಲಿಯಲ್ಲಿ ಕಲಾವಿದರೊಬ್ಬರ ಹೆತ್ತವರ ಮನೆಯ ಮೇಲೆ ನಡೆದದ್ದೂ, ಅದೇ ವರ್ಷದ ಜುಲೈನಿಂದ ಅಕ್ಟೋಬರ್‌ವರೆಗೆ ಕೆನಡಾದ ಸರ್ರೆ ನಗರದಲ್ಲಿ ಕಲಾವಿದರೊಬ್ಬರ ಕೆಫೆಯ ಮೇಲೆ ಮೂರು ಬಾರಿ ನಡೆದದ್ದೂ ಸಾರ್ವಜನಿಕರಿಗೆ ತಿಳಿದೇ ಇರುವುದರಿಂದ ಅವುಗಳ ವಿವರಕ್ಕೆ ಇಲ್ಲಿ ಕೈಹಾಕುವುದಿಲ್ಲ. ದಾಳಿಗೆ ಗುರಿಯಾದವರು ಹಿಂದಿ ಚಿತ್ರರಂಗದವರು, ಕನ್ನಡದವರಿಗೆ ಇದರಲ್ಲಿ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಒಂದು ಭಾಷೆಯ ಚಿತ್ರರಂಗದಲ್ಲಿ ಬೆದರಿಕೆ ಫಲಿಸಿತೆಂದರೆ ಅದೇ ಬೆದರಿಕೆ ಉಳಿದೆಲ್ಲ ಭಾಷೆಗಳ ಬಾಗಿಲಿಗೂ ಬರುತ್ತದೆ ಎಂಬುದನ್ನು ಈ ನಾಡು ಸ್ವಂತ ಅನುಭವದಿಂದ ಬಲ್ಲದು. ವೃತ್ತಿಬಾಂಧವರ ನೋವು ನಮ್ಮ ನೋವೆಂಬುದು ಹೇಗೂ ಇದ್ದೇ ಇದೆ.

ಈ ಹೇಳಿಕೆಯಲ್ಲಿ ಯಾವ ಅಪರಾಧಿ ಗುಂಪಿನ ಹೆಸರನ್ನೂ, ಅದರ ಮುಖಂಡನ ಹೆಸರನ್ನೂ ನಾವು ಉದ್ದೇಶಪೂರ್ವಕವಾಗಿ ಬರೆದಿಲ್ಲ. ಹೆಸರೇ ಅವರ ಬಂಡವಾಳ. ಒಂದು ದಾಳಿಯ ಸುದ್ದಿಯಿಂದ ಹುಟ್ಟುವ ಭಯವನ್ನು ಅವರು ಹತ್ತು ಕಡೆ ವಸೂಲಿಗೆ ಬಳಸುತ್ತಾರೆ. ಖ್ಯಾತ ನಟರೊಬ್ಬರ ಮನೆಯ ಗೋಡೆಗೆ ಬಿದ್ದ ಗುಂಡು ಎಷ್ಟೋ ವೇಳೆ ಹೆಸರಿಲ್ಲದ ನಿರ್ಮಾಪಕನೊಬ್ಬನ ಕಿವಿಗೆ ಬೀಳಲೆಂದು ಹಾರಿಸಿದ್ದಾಗಿರುತ್ತದೆ. ಹೊಣೆ ಹೊರುವ ಬರಹವನ್ನು ಅಕ್ಷರಶಃ ಓದಿ ಹೇಳುವ, ಸಿಸಿಟಿವಿ ದೃಶ್ಯವನ್ನು ಸಂಗೀತ ಹಾಕಿ ದಿನವಿಡೀ ತೋರಿಸುವ, ಕೈದಿಯೊಬ್ಬನ ಜೀವನಗಾಥೆಯನ್ನು ಸರಣಿಯಾಗಿ ಪ್ರಸಾರ ಮಾಡುವ ಮಾಧ್ಯಮ ಮಿತ್ರರು ತಾವು ಯಾರ ಕೆಲಸವನ್ನು ಹಗುರ ಮಾಡುತ್ತಿದ್ದೇವೆ ಎಂಬುದನ್ನು ಆಲೋಚಿಸಬೇಕೆಂದು ಸವಿನಯವಾಗಿ ವಿನಂತಿಸುತ್ತೇವೆ. ಪೊಲೀಸ್ ವಶದಲ್ಲಿದ್ದ ಆರೋಪಿಯೊಬ್ಬನ ಸಂದರ್ಶನ 2023ರ ಮಾರ್ಚ್‌ನಲ್ಲಿ ಟಿವಿ ಸುದ್ದಿ ವಾಹಿನಿಯಲ್ಲಿ ಪ್ರಸಾರವಾಗಿ, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಮಧ್ಯಪ್ರವೇಶಿಸಬೇಕಾಗಿ ಬಂದದ್ದು ಪೊಲೀಸ್ ವ್ಯವಸ್ಥೆಗೂ ಸುದ್ದಿ ವ್ಯವಸ್ಥೆಗೂ ಏಕಕಾಲಕ್ಕೆ ಕಳಂಕ ತಂದ ಪ್ರಸಂಗ.

ದಾಳಿಗಳಿಗೆ ನೀಡಲಾಗುತ್ತಿರುವ ಸಮರ್ಥನೆಗಳನ್ನೂ ಈ ಸಂಘ ಸಂಪೂರ್ಣವಾಗಿ ತಿರಸ್ಕರಿಸುತ್ತದೆ. ಒಂದು ಕಡೆ ಕೃಷ್ಣಮೃಗದ ಹೆಸರು, ಇನ್ನೊಂದು ಕಡೆ ಸಂತರ ಗೌರವದ ಹೆಸರು ಮುಂದಿಟ್ಟು, ಸುಲಿಗೆಗೆ ಶ್ರದ್ಧೆಯ ಉಡುಪು ತೊಡಿಸುವ ಪ್ರಯತ್ನ ನಡೆದಿದೆ. ಬಾಂದ್ರಾದ ಆ ನಟರ ಮೇಲಿದ್ದ ಕೃಷ್ಣಮೃಗ ಬೇಟೆಯ ಆರೋಪವನ್ನು ಜೋಧಪುರದ ನ್ಯಾಯಾಲಯ ಆಲಿಸಿ 2018ರಲ್ಲಿ ಶಿಕ್ಷೆಯನ್ನೂ ವಿಧಿಸಿತು, ಅದರ ಮೇಲ್ಮನವಿಗೂ ಕಾನೂನಿನಲ್ಲಿ ಅವಕಾಶವಿದೆ. ಮಾತಿನಿಂದ ನೊಂದವರಿಗೆ ದೂರು ಕೊಡುವ ಠಾಣೆಗಳೂ, ಪ್ರತಿಭಟಿಸುವ ಬೀದಿಗಳೂ ಇವೆ. ವನ್ಯಜೀವಿಯನ್ನು ದೈವಸಮಾನವಾಗಿ ಕಾಣುವ ಸಮುದಾಯದ ಭಾವನೆಗೆ ನಮ್ಮ ಗೌರವ ಅಚಲ. ಆ ಭಾವನೆಯ ಮುಖತ್ಯಾರ್‌ನಾಮೆಯನ್ನು ಬಂದೂಕುಧಾರಿಗಳಿಗೆ ಬರೆದುಕೊಟ್ಟವರು ಯಾರೂ ಇಲ್ಲ.

ಚಿತ್ರೋದ್ಯಮ ಮತ್ತು ಭೂಗತ ಲೋಕದ ಈ ಮುಖಾಮುಖಿ ಹೊಸದಲ್ಲ ಎಂಬುದೇ ನಮ್ಮ ಆತಂಕದ ಮೂಲ. 1997ರ ಆಗಸ್ಟ್ 12ರಂದು ಮುಂಬೈನ ಅಂಧೇರಿಯಲ್ಲಿ ದೇವಸ್ಥಾನದಿಂದ ಹೊರಬಂದ ಗುಲ್ಶನ್ ಕುಮಾರ್ ಅವರನ್ನು ಹಾಡಹಗಲೇ ಕೊಲೆ ಮಾಡಲಾಯಿತು. ಕಡಿಮೆ ಬೆಲೆಯ ಕ್ಯಾಸೆಟ್ಟುಗಳ ಮೂಲಕ ಸಂಗೀತವನ್ನು ಬಡವರ ಮನೆಗೆ ತಲುಪಿಸಿದ ಆ ಉದ್ಯಮಿ ಕೇಳಿದಷ್ಟು ಹಣ ಕೊಡದಿದ್ದುದೇ ಅಪರಾಧವಾಯಿತು ಎಂಬುದು ತನಿಖೆಯಿಂದ ಹೊರಬಂದ ಮಾತು. ಅಂದು ಒಡೆಯನನ್ನು ಉಳಿಸಲು ಮುಂದಾದ ಅವರ ಕಾರು ಚಾಲಕನಿಗೂ ಗುಂಡೇಟು ಬಿತ್ತು. ಕಾರ್ಮಿಕರ ಸಂಘವಾಗಿ ನಾವು ಈ ಮಾತನ್ನು ಒತ್ತಿ ಹೇಳಬಯಸುತ್ತೇವೆ: ಶೀರ್ಷಿಕೆಯಲ್ಲಿ ಬರುವುದು ತಾರೆಯ ಹೆಸರು, ಗುಂಡಿನ ದಾರಿಯಲ್ಲಿ ನಿಂತಿರುವವರು ಚಾಲಕ, ಕಾವಲುಗಾರ, ಅಡುಗೆಯವ, ಮೇಕಪ್ ಸಹಾಯಕ. ಸರ್ರೆ ನಗರದ ಕೆಫೆಯ ಮೇಲೆ ಮೊದಲ ಬಾರಿ ದಾಳಿಯಾದ ನಡುರಾತ್ರಿಯಲ್ಲೂ ಒಳಗೆ ಕೆಲಸಗಾರರು ಇದ್ದರು. 2000ದ ಜನವರಿ 14ರಂದು ಬಿಡುಗಡೆಯಾದ ‘ಕಹೋ ನಾ ಪ್ಯಾರ್ ಹೈ’ ಚಿತ್ರಕ್ಕೆ ಜನ ಮುಗಿಬೀಳುತ್ತಿದ್ದ ಹೊತ್ತಿನಲ್ಲೇ, ಸರಿಯಾಗಿ ಒಂದು ವಾರಕ್ಕೆ, ಜನವರಿ 21ರಂದು ಅದರ ನಿರ್ಮಾಪಕ–ನಿರ್ದೇಶಕ ರಾಕೇಶ್ ರೋಶನ್ ಅವರ ಮೇಲೆ ಸಾಂತಾಕ್ರೂಜ್‌ನಲ್ಲಿ ಗುಂಡು ಹಾರಿತು. ಅವರು ಬದುಕುಳಿದದ್ದು ಅದೃಷ್ಟ. ಚಿತ್ರವೊಂದು ಗೆದ್ದರೆ ಅದರ ಗಳಿಕೆಯಲ್ಲಿ, ವಿಶೇಷವಾಗಿ ವಿದೇಶಿ ಪ್ರದರ್ಶನ ಹಕ್ಕಿನಲ್ಲಿ, ತಮಗೂ ಪಾಲಿದೆ ಎಂದು ಹಕ್ಕು ಸಾಧಿಸುವ ಅಪರಾಧಿ ಜಾಲಗಳು ಅಂದು ಕಟ್ಟಿದ ಲೆಕ್ಕಾಚಾರವೇ ಇಂದು ಬೇರೆ ಗುಂಪುಗಳ ಕೈಯಲ್ಲಿ, ಬೇರೆ ನೆಪಗಳಲ್ಲಿ ಮುಂದುವರಿದಿದೆ.

ಆ ಕಾಲದಲ್ಲಿ ನಡೆದ ಇನ್ನೊಂದು ಮೊಕದ್ದಮೆಯನ್ನು ನಮ್ಮ ಸದಸ್ಯರು ವಿಶೇಷವಾಗಿ ನೆನಪಿಡಬೇಕು. ‘ಚೋರಿ ಚೋರಿ ಚುಪ್ಕೆ ಚುಪ್ಕೆ’ ಚಿತ್ರಕ್ಕೆ ಭೂಗತ ಲೋಕದ ಹಣ ಹರಿದಿದೆ ಎಂಬ ಆರೋಪದ ಮೇಲೆ ಮೊದಲು ಅದರ ನಿರ್ಮಾಪಕ, ಬಳಿಕ 2001ರ ಜನವರಿಯಲ್ಲಿ ಪ್ರಸಿದ್ಧ ವಜ್ರ ವ್ಯಾಪಾರಿ ಹಾಗೂ ಚಿತ್ರ ಹಣಕಾಸುದಾರ ಭರತ್ ಶಾ ಬಂಧಿತರಾದರು. ವಿಚಾರಣೆಯ ಕಾಲಕ್ಕೆ ದೊಡ್ಡ ದೊಡ್ಡ ಹೆಸರಿನ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಮ್ಮ ಹಿಂದಿನ ಹೇಳಿಕೆಯಿಂದ ಸರಿದು ನಿಂತರು. ತಮಗೆ ಬಂದ ಬೆದರಿಕೆ ಕರೆಯ ಬಗ್ಗೆ ನ್ಯಾಯಾಲಯದ ಮುಂದೆ ಕದಲದೆ ಸಾಕ್ಷ್ಯ ನುಡಿದವರು ಆಗಿನ್ನೂ ವೃತ್ತಿಜೀವನದ ಆರಂಭದಲ್ಲಿದ್ದ ನಟಿ ಪ್ರೀತಿ ಝಿಂಟಾ. 2003ರಲ್ಲಿ ವಿಶೇಷ ನ್ಯಾಯಾಲಯವು ಹಣಕಾಸುದಾರನನ್ನು ಸಂಚಿನ ಗಂಭೀರ ಆರೋಪಗಳಿಂದ ಬಿಡುಗಡೆ ಮಾಡಿತಾದರೂ, ಗೊತ್ತಿದ್ದ ಸಂಗತಿಯನ್ನು ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟದ್ದಕ್ಕೆ ತಪ್ಪಿತಸ್ಥನೆಂದು ತೀರ್ಪಿತ್ತು ಒಂದು ವರ್ಷದ ಶಿಕ್ಷೆ ವಿಧಿಸಿತು. ಭಯದಿಂದಾದರೂ ಸರಿ, ವ್ಯವಹಾರದ ಅನುಕೂಲಕ್ಕಾದರೂ ಸರಿ, ಬಾಯಿ ಮುಚ್ಚಿಕೊಂಡಿರುವುದು ಕಾನೂನಿನ ಕಣ್ಣಿನಲ್ಲಿ ನಿರಪರಾಧವಲ್ಲ ಎಂಬುದನ್ನು ಆ ತೀರ್ಪು ಉದ್ಯಮಕ್ಕೆ ಸ್ಪಷ್ಟವಾಗಿ ತಿಳಿಸಿತು. ಅದಾಗಿ ಎರಡು ದಶಕ ಕಳೆದರೂ, ಕರೆ ಬಂದೊಡನೆ ಠಾಣೆಗೆ ಹೋಗುವುದಕ್ಕಿಂತ ‘ಸೆಟ್ಲ್‌ಮೆಂಟ್’ ಮಾಡಿಕೊಳ್ಳುವುದೇ ಜಾಣತನ ಎಂಬ ಮಾತು ನಮ್ಮ ಗಾಂಧಿನಗರದಲ್ಲೂ ಕೇಳಿಬರುತ್ತದೆ. ಅತ್ತ ಕಡೆಯ ಧ್ವನಿ ಚಿತ್ರೀಕರಣದ ಸ್ಥಳ, ಮಕ್ಕಳ ಶಾಲೆ ಬಿಡುವ ಸಮಯ, ವಯಸ್ಸಾದ ತಾಯಿ ದೇವಸ್ಥಾನಕ್ಕೆ ಹೋಗುವ ದಾರಿ ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾ ಹೋದಾಗ ಎಂಥ ಗಟ್ಟಿ ಮನುಷ್ಯನ ಕೈಯೂ ನಡುಗುತ್ತದೆ. ಹಾಗೆ ನಡುಗಿದವರನ್ನು ಹಳಿಯುವ ಅಧಿಕಾರ ಈ ಸಂಘಕ್ಕಿಲ್ಲ. ಆದರೆ ಅವರನ್ನು ಒಂಟಿಯಾಗಿ ಬಿಡದಿರುವ ಹೊಣೆ ಖಂಡಿತವಾಗಿ ಇದೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವರನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳನೊಬ್ಬ ಅಪಹರಿಸಿದಾಗ ಈ ನಾಡು 108 ದಿನ ಉಸಿರು ಬಿಗಿಹಿಡಿದು ಕಾದಿತ್ತು. ಚಿತ್ರಮಂದಿರಗಳು ಬಾಗಿಲು ಮುಚ್ಚಿದವು, ಚಿತ್ರೀಕರಣಗಳು ನಿಂತವು, ದಿನಗೂಲಿಯ ಮೇಲೆ ಬದುಕುವ ನಮ್ಮ ಲೈಟ್ ಹುಡುಗರ, ಸೆಟ್ ಬಡಗಿಗಳ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. ಆದರೂ ಅಣ್ಣಾವ್ರು ಮೊದಲು ಮನೆಗೆ ಬರಲಿ, ಉಳಿದದ್ದು ಆಮೇಲೆ ಎಂಬುದೊಂದೇ ಎಲ್ಲರ ಪ್ರಾರ್ಥನೆಯಾಗಿತ್ತು. ಆ ಸಂಕಟದ ನಡುವೆ, ಅಪಹರಣಕಾರನ ಬೇಡಿಕೆಗೆ ಮಣಿದು ಅವನ ಸಹಚರರ ಮೇಲಿನ ಟಾಡಾ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾಯಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಒಬ್ಬ ತಂದೆ. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, 1992ರಲ್ಲಿ ಅದೇ ಕಾಡುಗಳ್ಳನ ತಂಡದ ಗುಂಡಿಗೆ ಬಲಿಯಾಗಿದ್ದರು. ಇಡೀ ರಾಜ್ಯ ಒಂದೇ ಭಾವನೆಯಲ್ಲಿ ಕುದಿಯುತ್ತಿದ್ದಾಗ ಎದುರು ನಿಂತು, ಕರ್ತವ್ಯದಲ್ಲಿ ಮಡಿದವರ ಪ್ರಾಣವನ್ನು ಒತ್ತೆ ಹಣವಾಗಿ ತೆರಲಾಗದು ಎಂದು ವಾದಿಸಲು ಎಂಥ ಎದೆಗಾರಿಕೆ ಬೇಕಾಗಿತ್ತೆಂಬುದನ್ನು ಅಂದು ನಮ್ಮಲ್ಲಿ ಹಲವರು ಅರಿಯಲಿಲ್ಲ. 2000ದ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಆ ತಂದೆಯ ಮಾತನ್ನು ಎತ್ತಿಹಿಡಿದು, ಮೊಕದ್ದಮೆ ಹಿಂಪಡೆಯುವ ಆದೇಶವನ್ನು ರದ್ದುಗೊಳಿಸಿತು. ನವೆಂಬರ್ 15ರಂದು ಡಾ. ರಾಜ್ ಬಿಡುಗಡೆಯಾದರು. ಕಲಾವಿದನ ಜೀವಕ್ಕೂ ಕಾನೂನಿನ ಘನತೆಗೂ ನಡುವೆ ಆಯ್ಕೆಯ ಪ್ರಶ್ನೆಯೇ ಏಳದಂತೆ ನೋಡಿಕೊಳ್ಳುವುದು ಪ್ರಭುತ್ವದ ಕರ್ತವ್ಯವೆಂಬುದನ್ನು ಈ ಸಂಘ ಆ ಪ್ರಕರಣದಿಂದ ಕಲಿತಿದೆ. ಆ ಅಪಹರಣದ ಮೊಕದ್ದಮೆಯಲ್ಲಿ 2018ರಲ್ಲಿ, ಹದಿನೆಂಟು ವರ್ಷಗಳ ನಂತರ, ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ ಸಾಕ್ಷ್ಯಾಧಾರದ ಕೊರತೆಯಿಂದ ಒಂಬತ್ತು ಆರೋಪಿಗಳನ್ನು ಖುಲಾಸೆಗೊಳಿಸಿತೆಂಬ ಸಂಗತಿಯೂ ನಮ್ಮನ್ನು ಕಾಡುತ್ತದೆ. ಇಡೀ ನಾಡಿನ ಕಣ್ಣೆದುರು ನಡೆದ ಕೃತ್ಯಕ್ಕೂ ನ್ಯಾಯಾಲಯದಲ್ಲಿ ಸಾಕ್ಷ್ಯ ಉಳಿಯಲಿಲ್ಲ.

ಈ ಹಿನ್ನೆಲೆಯಲ್ಲಿ ಒಂದು ಮಾತನ್ನು ನಿಸ್ಸಂದಿಗ್ಧವಾಗಿ ಹೇಳಬೇಕಾಗಿದೆ. ಬಾಂದ್ರಾ ಪ್ರಕರಣದ ಆರೋಪಿಗಳಲ್ಲೊಬ್ಬ ಪೊಲೀಸ್ ವಶದಲ್ಲಿ ಸಾವಿಗೀಡಾದದ್ದೂ, ಬರೇಲಿ ಪ್ರಕರಣದ ಇಬ್ಬರು ಶಂಕಿತರು ಕೆಲವೇ ದಿನಗಳಲ್ಲಿ ಎನ್‌ಕೌಂಟರ್‌ನಲ್ಲಿ ಹತರಾದದ್ದೂ ಈ ಸಂಘಕ್ಕೆ ಸಮಾಧಾನ ತಂದಿಲ್ಲ. ನಮ್ಮ ಕಲಾವಿದರ ರಕ್ಷಣೆಯ ಹೆಸರಿನಲ್ಲಿ ಯಾರ ಪ್ರಾಣವೂ ವಿಚಾರಣೆಯಿಲ್ಲದೆ ಹೋಗುವುದನ್ನು ನಾವು ಬಯಸುವುದಿಲ್ಲ. ಬಾಡಿಗೆಗೆ ಬಂದ ಹುಡುಗನೊಬ್ಬ ಸತ್ತರೆ ಅವನನ್ನು ಕಳುಹಿಸಿದವನ ಹೆಸರೂ, ಹಣ ಬಂದ ದಾರಿಯೂ ಅವನೊಂದಿಗೇ ಮಣ್ಣಾಗುತ್ತದೆ. ಲಾಭ ಯಾರಿಗೆಂಬುದು ಸ್ಪಷ್ಟ. ಗುಲ್ಶನ್ ಕುಮಾರ್ ಹತ್ಯೆಯ ಪ್ರಕರಣದಲ್ಲಿ ಗುಂಡು ಹಾರಿಸಿದವನ ಜೀವಾವಧಿ ಶಿಕ್ಷೆಯನ್ನು ಬಾಂಬೆ ಹೈಕೋರ್ಟ್ ಎತ್ತಿಹಿಡಿದು, ಹಿಂದೆ ಬಿಡುಗಡೆಯಾಗಿದ್ದ ಮತ್ತೊಬ್ಬನಿಗೂ ಶಿಕ್ಷೆ ವಿಧಿಸಿದ್ದು 2021ರ ಜುಲೈನಲ್ಲಿ. ಇಪ್ಪತ್ನಾಲ್ಕು ವರ್ಷ ದೀರ್ಘವೇ ಸರಿ, ಅಸಹನೀಯವಾಗಿಯೂ ದೀರ್ಘ. ಹಾಗಿದ್ದರೂ ಸಾಕ್ಷ್ಯದ ಮೇಲೆ ನಿಂತ ಆ ತೀರ್ಪಿಗೆ ಇರುವ ಬಲ ಯಾವ ಎನ್‌ಕೌಂಟರ್‌ಗೂ ಬರಲಾರದು. ವಿಳಂಬವನ್ನು ಕಡಿಮೆ ಮಾಡಿ ಎಂಬುದು ನಮ್ಮ ಬೇಡಿಕೆ, ವಿಚಾರಣೆಯನ್ನೇ ಕೈಬಿಡಿ ಎಂಬುದಲ್ಲ.

ಅಧಿಕಾರಸ್ಥರನ್ನು ಪ್ರಶ್ನಿಸುವ ಮೊದಲು ನಮ್ಮ ಉದ್ಯಮ ತನ್ನ ಲೆಕ್ಕಪುಸ್ತಕಗಳತ್ತ ನೋಡಿಕೊಳ್ಳುವುದು ಧರ್ಮ. 1998ರಲ್ಲಿ ಕೇಂದ್ರ ಸರ್ಕಾರ ಚಲನಚಿತ್ರಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿತು. ನಂತರದ ವರ್ಷಗಳಲ್ಲಿ ಸಾಂಸ್ಥಿಕ ಸಾಲದ ಬಾಗಿಲು ತೆರೆಯಿತು. ಆ ಬಾಗಿಲಿನೊಳಗೆ ಹೋಗಲು ಸಾಧ್ಯವಾದದ್ದು ಹೆಚ್ಚಾಗಿ ದೊಡ್ಡ ಸಂಸ್ಥೆಗಳಿಗೆ. ಕಥೆಯೊಂದನ್ನು ನೆಚ್ಚಿಕೊಂಡು, ಊರಿನ ಸೈಟು ಮಾರಿ ಚಿತ್ರಕ್ಕಿಳಿದ ಸಣ್ಣ ನಿರ್ಮಾಪಕನಿಗೆ ಬಿಡುಗಡೆಯ ಹಿಂದಿನ ವಾರ ಹಣ ಸಿಗುವುದು ಇಂದಿಗೂ ಕಾಗದಪತ್ರವಿಲ್ಲದ ಕಡೆಯಿಂದಲೇ, ಮೀಟರ್ ಬಡ್ಡಿಯ ಲೆಕ್ಕದಲ್ಲೇ. ಹಾಗೆ ಬಂದ ಹಣದ ಹಿಂದೆ ವಸೂಲಿಗೆ ಬರುವವರು ಬ್ಯಾಂಕಿನ ಅಧಿಕಾರಿಗಳಾಗಿರುವುದಿಲ್ಲ. ಸಾಲ ಕೊಟ್ಟವರು ಪಾತ್ರವರ್ಗವನ್ನೂ, ಬಿಡುಗಡೆಯ ದಿನಾಂಕವನ್ನೂ, ಕಡೆಗೆ ಯಾರ ಡೇಟ್ಸ್ ಯಾರಿಗೆ ಸಿಗಬೇಕೆಂಬುದನ್ನೂ ನಿರ್ಧರಿಸತೊಡಗಿದರೆ ಕಲೆಯೂ ಉಳಿಯದು, ವ್ಯಾಪಾರವೂ ಉಳಿಯದು. ಇದೇ ಮಾತಿನ ಜೊತೆಗೆ ಒಂದು ಅಪಾರ್ಥವನ್ನೂ ದೂರ ಮಾಡಬೇಕು: ಭೂಗತ ಲೋಕದ ಕಥೆಗಳನ್ನು ಚಿತ್ರಿಸುವ ಸ್ವಾತಂತ್ರ್ಯದ ವಿಷಯದಲ್ಲಿ ಈ ಸಂಘಕ್ಕೆ ಯಾವ ತಕರಾರೂ ಇಲ್ಲ. 1995ರ ‘ಓಂ’ ಚಿತ್ರದಲ್ಲಿ ನಿಜಜೀವನದ ರೌಡಿಗಳೇ ತೆರೆಯ ಮೇಲೆ ಕಾಣಿಸಿಕೊಂಡದ್ದೂ, 2007ರ ‘ಆ ದಿನಗಳು’ ಅಂಥ ಬದುಕನ್ನು ಕಂಡುಂಡ ಲೇಖಕರ ಬರವಣಿಗೆಯಿಂದ ಮೂಡಿದ್ದೂ ಕನ್ನಡ ಚಿತ್ರ ಪರಂಪರೆಯ ಭಾಗವೇ ಆಗಿವೆ. ಅನುಭವವನ್ನು ಕಲೆಯಾಗಿಸುವುದು ಬೇರೆ; ಆ ಲೋಕದ ಹಣವನ್ನು ಬಂಡವಾಳವಾಗಿಸಿ, ಅಲ್ಲಿನ ಮುಖಗಳನ್ನು ಮುಹೂರ್ತದ ವೇದಿಕೆಯಲ್ಲಿ ಕೂರಿಸಿ ಹಾರ ಹಾಕುವುದು ಬೇರೆ. ಮೊದಲನೆಯದನ್ನು ಸಮರ್ಥಿಸುವ ನಾವು ಎರಡನೆಯದನ್ನು ಅಷ್ಟೇ ಗಟ್ಟಿಯಾಗಿ ವಿರೋಧಿಸುತ್ತೇವೆ.

ಕಾನೂನಿನ ಕೊರತೆ ಇದೆಯೆಂದು ನಾವು ಹೇಳುತ್ತಿಲ್ಲ. ಮಹಾರಾಷ್ಟ್ರ 1999ರಲ್ಲೂ, ಕರ್ನಾಟಕ 2000ದಲ್ಲೂ ಸಂಘಟಿತ ಅಪರಾಧ ನಿಯಂತ್ರಣಕ್ಕೆ ಪ್ರತ್ಯೇಕ ಕಾಯ್ದೆಗಳನ್ನು ರೂಪಿಸಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸುಲಿಗೆಯನ್ನೂ ಸುಪಾರಿ ಹತ್ಯೆಯನ್ನೂ ಸಂಘಟಿತ ಅಪರಾಧದ ವ್ಯಾಖ್ಯೆಯೊಳಗೆ ತಂದಿದೆ. ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಮಾನ್ಯತೆ ನೀಡಿತು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಅದನ್ನು ರಾಜ್ಯ ಸರ್ಕಾರಗಳ ಕರ್ತವ್ಯವಾಗಿಸಿದೆ. ಕಾಗದದ ಮೇಲಿನ ಈ ಯೋಜನೆ ಠಾಣೆಗೆ ಬಂದ ಭಯಗ್ರಸ್ತ ಮನುಷ್ಯನಿಗೆ ಅಂದೇ ಸಂಜೆ ತಲುಪಬೇಕು. ಅದಕ್ಕೆ ಬೇಕಾದ ಹಣವನ್ನು ಆಯವ್ಯಯದಲ್ಲಿ ಮೀಸಲಿಡಬೇಕು, ಬೆದರಿಕೆಗೆ ಒಳಗಾದವರ ದೂರನ್ನು ಗೋಪ್ಯವಾಗಿ ದಾಖಲಿಸಿಕೊಳ್ಳುವ ಹಿರಿಯ ಅಧಿಕಾರಿಯೊಬ್ಬರನ್ನು ಬೆಂಗಳೂರಿನಲ್ಲಿ ಗೊತ್ತುಪಡಿಸಬೇಕು, ರಕ್ಷಣೆಯನ್ನು ತಾರೆಯ ಮನೆಯ ಗೇಟಿಗೆ ಸೀಮಿತಗೊಳಿಸದೆ ದೂರಿನಲ್ಲಿ ಸಾಕ್ಷಿಯಾಗಿರುವ ಚಾಲಕನಿಗೂ ಪ್ರೊಡಕ್ಷನ್ ಮ್ಯಾನೇಜರ್‌ಗೂ ವಿಸ್ತರಿಸಬೇಕು ಎಂದು ರಾಜ್ಯ ಸರ್ಕಾರವನ್ನು ಒತ್ತಾಯಿಸುತ್ತೇವೆ. ಕಾರಾಗೃಹದೊಳಗಿನಿಂದಲೇ ದಾಳಿಗಳನ್ನು ನಿರ್ದೇಶಿಸಲಾಗುತ್ತಿದೆ ಎಂಬ ಆರೋಪ ಪದೇ ಪದೇ ಕೇಳಿಬರುತ್ತಿರುವಾಗ, ಅಲ್ಲಿಗೆ ಮೊಬೈಲ್ ಫೋನ್ ತಲುಪುವ ಬಗೆಯನ್ನು ತನಿಖೆ ಮಾಡಿ ಸಾರ್ವಜನಿಕರಿಗೆ ಉತ್ತರ ನೀಡುವುದು ಕೇಂದ್ರ ಗೃಹ ಸಚಿವಾಲಯದ ಮತ್ತು ಸಂಬಂಧಪಟ್ಟ ರಾಜ್ಯಗಳ ಹೊಣೆ. ಇಂಥ ದಾಳಿಗಳ ಹೊಣೆ ಹೊತ್ತ ಗುಂಪೊಂದನ್ನು ಕೆನಡಾ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿದೆ. ಭಾರತ ಮತ್ತು ಕೆನಡಾ ನಡುವೆ 1987ರಿಂದ ಹಸ್ತಾಂತರ ಒಪ್ಪಂದವೂ ಇದೆ. ಚಿತ್ರರಂಗದವರಿಗೂ ಹೋಟೆಲ್ ಉದ್ಯಮಿಗಳಿಗೂ ವರ್ಷಗಟ್ಟಲೆ ವಿದೇಶದಿಂದ ಬೆದರಿಕೆ ಕರೆ ಮಾಡುತ್ತಿದ್ದ ಆರೋಪ ಹೊತ್ತ, ನಮ್ಮ ಕರಾವಳಿ ಮೂಲದ ವ್ಯಕ್ತಿಯೊಬ್ಬನನ್ನು 2020ರ ಫೆಬ್ರವರಿಯಲ್ಲಿ ಸೆನೆಗಲ್ ದೇಶದಿಂದ ಬೆಂಗಳೂರಿಗೆ ಕರೆತಂದದ್ದು ಕರ್ನಾಟಕ ಪೊಲೀಸರೇ. ಇಚ್ಛೆಯಿದ್ದರೆ ಸಮುದ್ರ ಅಡ್ಡಿಯಾಗದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಸಂಘದ ಪಾಲಿನ ಕೆಲಸವನ್ನೂ ಕಾರ್ಯಕಾರಿ ಸಮಿತಿ ನಿರ್ಣಯಿಸಿದೆ. ಸದಸ್ಯರಲ್ಲಿ ಯಾರಿಗೇ ಬೆದರಿಕೆ ಬಂದರೂ ದೂರು ಸಲ್ಲಿಸಲು ಸಂಘದ ಪದಾಧಿಕಾರಿಗಳು ಅವರೊಂದಿಗೆ ಠಾಣೆಗೆ ಹೋಗುತ್ತಾರೆ, ಮೊಕದ್ದಮೆ ಮುಗಿಯುವವರೆಗೆ ವಕೀಲರ ನೆರವನ್ನು ಸಂಘವೇ ಒದಗಿಸುತ್ತದೆ; ಸಾಕ್ಷ್ಯ ನುಡಿದ ಕಾರಣಕ್ಕೆ ಕೆಲಸ ಕಳೆದುಕೊಂಡವರ ಜೀವನಾಧಾರಕ್ಕೆ ಕ್ಷೇಮನಿಧಿಯಿಂದ ನೆರವು ಸಲ್ಲುತ್ತದೆ. ಅಪರಾಧದ ಹಿನ್ನೆಲೆಯ ಹಣವೆಂದು ತಿಳಿದೂ ಅದನ್ನು ಸ್ವೀಕರಿಸಿದ ಸದಸ್ಯರ ಪರವಾಗಿ ಸಂಘ ಮಾತನಾಡುವುದಿಲ್ಲ. ಈ ಹೇಳಿಕೆಯ ಪ್ರತಿಗಳನ್ನು ಕೇಂದ್ರ ಗೃಹ ಸಚಿವರಿಗೆ, ರಾಜ್ಯದ ಮುಖ್ಯಮಂತ್ರಿ ಹಾಗೂ ಗೃಹ ಸಚಿವರಿಗೆ, ಪೊಲೀಸ್ ಮಹಾನಿರ್ದೇಶಕರಿಗೆ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಮತ್ತು ಇತರ ಭಾಷೆಗಳ ಚಿತ್ರೋದ್ಯಮ ಸಂಘಟನೆಗಳಿಗೆ ರವಾನಿಸಲಾಗುತ್ತಿದೆ. ಸಾಕ್ಷಿಗಳ ರಕ್ಷಣೆ ಕುರಿತ ಮನವಿಗೆ ಸರ್ಕಾರದಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇವೆ.

ಕಾರ್ಯಕಾರಿ ಸಮಿತಿಯ ಪರವಾಗಿ,
ಅಧ್ಯಕ್ಷರು ಮತ್ತು ಗೌರವ ಕಾರ್ಯದರ್ಶಿ
ಬೆಂಗಳೂರು